ಫುಟ್‌ಪಾತ್ ಮೀಮಾಂಸೆ: ಹೊಸ ಹೋಟೆಲಿಗೆ ಸರ್ಕಾರದ ಸಹಾಯಧನ ಎಲ್ಲಿ ಅಡಗಿದೆ ಎಂಬ ವಿಚಾರ

ಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಬೆಂಗಳೂರಿನ ಪೇಟೆಬೀದಿಯೊಂದರ ಮೂಲೆಯಲ್ಲಿ ಹೊಸದಾಗಿ ತೆರೆದ ದರ್ಶಿನಿ. ಪ್ರಯೋಜನ: ಅದಕ್ಕೆ ಸರ್ಕಾರದ ದುಡ್ಡು ಸೇರಿದೆಯೋ ಇಲ್ಲವೋ ಎಂಬ ತಿಳಿವಳಿಕೆ. ಸಂಬಂಧ: ಲೇಖಕನಿಗೂ ಹೋಟೆಲಿಗೂ ಕಾಫಿಯ ಹೊರತು ಬೇರೇನಿಲ್ಲ. ಅಧಿಕಾರಿ: ಮೀಟಿಂಗಿಗೆ ಹೋಗಿದ್ದಾರೆ.

ಪೂರ್ವಪಕ್ಷವನ್ನು ಗಲ್ಲಾದಲ್ಲಿ ಕೂತ ಮಾಲೀಕರೇ ಮಂಡಿಸುತ್ತಾರೆ. “ಸರ್ಕಾರದಿಂದ ಒಂದು ನಯಾಪೈಸೆ ಬಂದಿಲ್ಲ ಸ್ವಾಮಿ, ಎಲ್ಲಾ ಕೈಯಿಂದ ಹಾಕಿದ್ದು” ಎನ್ನುತ್ತ ಟೋಕನ್ ಹರಿದು ಕೊಡುತ್ತಾರೆ. ಈ ವಾದವನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಸಹಾಯಧನದ ಸ್ವರೂಪವೇ ಅಷ್ಟು ಗಹನವಾದದ್ದು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯನ್ನೇ ನೋಡಿ. ಸಾಮಾನ್ಯ ವರ್ಗದ ಅರ್ಜಿದಾರನಿಗೆ ನಗರದಲ್ಲಾದರೆ ಯೋಜನಾ ವೆಚ್ಚದ ಶೇ. 15, ಹಳ್ಳಿಯಲ್ಲಾದರೆ ಶೇ. 25 ಸಬ್ಸಿಡಿ. ಹಣ ಬ್ಯಾಂಕಿಗೆ ಬರುತ್ತದೆ, ಫಲಾನುಭವಿಯ ಹೆಸರಿನಲ್ಲೇ ಠೇವಣಿಯಾಗಿ ಕೂರುತ್ತದೆ. 3 ವರ್ಷ ಅವನು ಅದನ್ನು ಮುಟ್ಟುವ ಹಾಗಿಲ್ಲ, ಅದಕ್ಕೆ ಬಡ್ಡಿಯೂ ಹುಟ್ಟುವುದಿಲ್ಲ. ಅಷ್ಟರೊಳಗೆ ಅಂಗಡಿ ಮುಚ್ಚಿರದಿದ್ದರೆ ಆಮೇಲೆ ಸಾಲಕ್ಕೆ ವಜಾ. ಇದೆಯೆಂದರೆ ಇಲ್ಲ, ಇಲ್ಲವೆಂದರೆ ಇದೆ. ವೇದಾಂತಿಗಳು ಮಾಯೆಗೆ ಕೊಟ್ಟ ‘ಅನಿರ್ವಚನೀಯ’ ಎಂಬ ಲಕ್ಷಣ ಇಷ್ಟು ನಿಖರವಾಗಿ ಕೂಡಿಬರುವ ಇನ್ನೊಂದು ಪದಾರ್ಥ ಈ ಲೇಖಕನ ಗಮನಕ್ಕೆ ಬಂದಿಲ್ಲ. ಮೇಲಾಗಿ ಸೇವಾ ವಲಯದ ಉದ್ಯಮಕ್ಕೆ ಅಲ್ಲಿ ಯೋಜನಾ ವೆಚ್ಚದ ಮಿತಿ 20 ಲಕ್ಷ. ಪೇಟೆಬೀದಿಯ ಮೂಲೆ ಅಂಗಡಿಗೆ ಅದು ಅಡ್ವಾನ್ಸಿಗೂ ಸಾಲದು. ಆದ್ದರಿಂದ ಮಾಲೀಕರು ಅರ್ಜಿಯನ್ನೇ ಹಾಕಲಿಲ್ಲವೆಂಬುದನ್ನು ನಂಬೋಣ. ಇಲ್ಲಿಯವರೆಗೆ ಗೆಲುವು ಪೂರ್ವಪಕ್ಷದ್ದೇ.

ಸರ್ಕಾರ ಹೋಟೆಲಿಗೆ ಕೈಹಾಕಿದ ಪೂರ್ವೋದಾಹರಣೆಗಳಿವೆ. ಒಂದು ಕಾಲದಲ್ಲಿ ಕಾಫಿ ಮಂಡಳಿ ತಾನೇ ಊರೂರಲ್ಲಿ ಇಂಡಿಯಾ ಕಾಫಿ ಹೌಸ್ ನಡೆಸುತ್ತಿತ್ತು. ಐವತ್ತರ ದಶಕದಲ್ಲಿ ಮಂಡಳಿ ಅವನ್ನು ಮುಚ್ಚತೊಡಗಿದಾಗ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಮೊದಲ ಸಂಘಗಳಲ್ಲಿ 1957ರ ಬೆಂಗಳೂರಿನದೂ ಒಂದು. ಎಂ.ಜಿ. ರಸ್ತೆಯಲ್ಲಿದ್ದ ಅವರ ಹೋಟೆಲು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಆ ಚರ್ಚ್ ಸ್ಟ್ರೀಟಿಗೆ 2018ರ ಹೊತ್ತಿಗೆ ಸಾರ್ವಜನಿಕ ಹಣದಲ್ಲಿ ಚೆಂದದ ಕಲ್ಲು ಹಾಸಿದರು. ಕಲ್ಲುಹಾಸಿನ ಮೇಲೆ ಅಡ್ಡಾಡಿದವರಿಗೆ ಹಸಿವಾಗುವುದು ಸಹಜ, ಆ ಹಸಿವು ಇಕ್ಕೆಲದ ಗಲ್ಲಾಗಳಿಗೆ ಸಲ್ಲುವುದೂ ಸಹಜ. ಇನ್ನು ಇಂದಿರಾ ಕ್ಯಾಂಟೀನು. 2017ರಲ್ಲಿ ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಸಬ್ಸಿಡಿ ಅಲ್ಲಿ ಬೋರ್ಡಿನ ಮೇಲೆಯೇ ಇದ್ದುದರಿಂದ ಸಂಶೋಧಕನಿಗೆ ಕೆಲಸವಿಲ್ಲ.

ಇನ್ನು ಪ್ರಮಾಣಗಳು.

ಮೊದಲನೆಯದು ಪ್ರತ್ಯಕ್ಷ. ಬೆಳಗಿನ ಎಂಟು ಗಂಟೆಗೆ ಹೋಟೆಲಿನ ಎದುರು ನಿಂತು ನೋಡುವುದು. ಬಾಗಿಲೊಳಗೆ ಇರುವುದು ಒಂದು ಗಲ್ಲಾ, ದೋಸೆಕಲ್ಲು, ಕಾಫಿ ಕೌಂಟರು, ಎದೆಮಟ್ಟದ ಎರಡು ಸ್ಟೀಲ್ ಮೇಜು. ಉಳಿದ ಹೋಟೆಲೆಲ್ಲ ಹೊರಗಿದೆ. ವಿದ್ಯುತ್ ಕಂಪನಿಯ ಜಂಕ್ಷನ್ ಬಾಕ್ಸಿನ ನೆತ್ತಿಯ ಮೇಲೆ ಲೋಟಗಳ ಸಾಲು. ಯಾರದೋ ಸ್ಕೂಟರಿನ ಸೀಟಿನ ಮೇಲೆ ಇಡ್ಲಿವಡೆ ತಟ್ಟೆ, ಸ್ಕೂಟರಿನವನು ಬಂದು ಕೀಲಿ ತೋರಿಸಿದರೆ “ಒಂದು ನಿಮಿಷ ಸಾರ್” ಎಂದು ತಟ್ಟೆ ಪಕ್ಕದ ಸ್ಕೂಟರಿಗೆ ವರ್ಗ. ಚರಂಡಿಯ ಚಪ್ಪಡಿಗಳ ಸಂದಿಯಲ್ಲಿ ಟೋಕನ್ ಚೂರು, ಕರಿಬೇವು, ಚಟ್ನಿಯ ಹಸಿರು. ಕೈತೊಳೆಯುವ ನಲ್ಲಿಯೂ ಹೊರಗೇ, ಅದರ ನೀರು ಬೀದಿಗೇ. ಕೋಲೂರಿಕೊಂಡು ಬಂದ ಹಿರಿಯರೊಬ್ಬರು ಈ ಸಭೆಯ ಅಂಚಿನಲ್ಲಿ ಕ್ಷಣ ನಿಂತು, ರಸ್ತೆಗಿಳಿದು, ಬಸ್ಸಿನ ಪಕ್ಕದಲ್ಲೇ ನಡೆದು ಹೋಗುತ್ತಾರೆ.

ಫುಟ್‌ಪಾತಿನ ಮೇಲೂ ಹೋಟೆಲಿನ ಮೇಜುಗಳಿವೆ. ಆದರೆ ಅವು ಕ್ಷಣಿಕವಾದಿಗಳು ಹೇಳುವ ಪದಾರ್ಥಗಳು. ಪಾಲಿಕೆಯ ಲಾರಿ ಸರ್ಕಲ್ ದಾಟಿತೆಂಬ ಫೋನು ಬಂದ ಮರುಗಳಿಗೆ ಕ್ಲೀನರ್ ಹುಡುಗರು ಅವನ್ನು ಎತ್ತಿ ಒಳಗಿಡುತ್ತಾರೆ, ಲಾರಿ ಹೋದ ಮೇಲೆ ಅವು ಪುನರ್ಜನ್ಮ ಪಡೆಯುತ್ತವೆ. ಫೋನು ಮಾಡುವವರು ಯಾರೆಂಬುದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ತಾರ್ಕಿಕರು ಊಹಿಸುವಂತೆ, ಎಲ್ಲೆಲ್ಲಿ ದ್ವಿಚಕ್ರ ವಾಹನಗಳು ಅಡ್ಡಾದಿಡ್ಡಿಯೋ ಅಲ್ಲಲ್ಲಿ ಹೋಟೆಲು ಎಂಬ ವ್ಯಾಪ್ತಿಯನ್ನು ಈ ಲೇಖಕ ಮೊದಲು ಪ್ರತಿಪಾದಿಸಿದ್ದುಂಟು. ಆದರೆ ಕೋಚಿಂಗ್ ಸೆಂಟರಿನ ಎದುರೂ ಕಲ್ಯಾಣ ಮಂಟಪದ ಎದುರೂ ಅದೇ ಲಕ್ಷಣ ಕಾಣುವುದರಿಂದ ಹೇತು ದುಷ್ಟವಾಯಿತು. ತಿದ್ದುಪಡಿಯಾದ ಸೂತ್ರ ಹೀಗಿದೆ: ಒಳಗಿನ ಚದರಡಿ ಕಡಿಮೆಯಿದ್ದು ಗಲ್ಲಾದ ಕ್ಯೂ ಉದ್ದವಿದ್ದರೆ, ಉಳಿದ ಚದರಡಿಯ ಬಾಡಿಗೆಯನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ. ಆ ಬೇರೆಯವರು ಯಾರು? ಚಪ್ಪಡಿ ಹಾಸಿಸಿದವರು, ಬೀದಿದೀಪ ಹಾಕಿಸಿದವರು, ಚರಂಡಿಯ ಹೂಳೆತ್ತಿಸುವವರು. ಅಂದರೆ ಆಸ್ತಿ ತೆರಿಗೆ ಕಟ್ಟುವವರು. ಅವರಲ್ಲಿ ಕೆಲವರು ಎದುರಿಗೇ ನಿಂತು ಕಾಫಿ ಕುಡಿಯುತ್ತಿದ್ದಾರೆ, ಈ ಲೇಖಕನೂ ಸೇರಿದಂತೆ.

ಉಪಮಾನಕ್ಕೆ ಇಲ್ಲಿ ಕೆಲಸವಿಲ್ಲ. ಉಳಿದದ್ದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಅದನ್ನು ಕೇಳಲು ಹೂವಿನವಳ ಹತ್ತಿರ ಹೋಗಬೇಕು. ಹೋಟೆಲು ಬರುವ ಮೊದಲು ಜಂಕ್ಷನ್ ಬಾಕ್ಸಿನ ಪಕ್ಕದ ಜಾಗ ಆಕೆಯದು. ಸೇವಂತಿಗೆ ಮೊಳ, ಬಿಡಿಹೂ, ತುಳಸಿ, ಒಂದು ಬುಟ್ಟಿ, ಒಂದು ಕೊಡೆ. ಈಗ ಆಕೆ ತಿರುವಿನಾಚೆ, ಕಸದ ಗಾಡಿ ನಿಲ್ಲುವಲ್ಲಿ ಕೂರುತ್ತಾಳೆ. ಯಾಕಮ್ಮ ಅಲ್ಲಿಂದ ಎದ್ದೆ ಎಂದರೆ, “ಹೋಗ್ಲಿ ಬಿಡಣ್ಣ, ಅವ್ರುದು ಹೋಟ್ಲು, ನಮ್ದು ಬುಟ್ಟಿ” ಎನ್ನುತ್ತಾಳೆ. ಇದಕ್ಕಿಂತ ಸಂಕ್ಷಿಪ್ತವಾದ ಭಾಷ್ಯ ಸಿಗಲಾರದು.

ಹಾಗೆಂದು ಸರ್ಕಾರ ಆಕೆಯನ್ನು ಮರೆತಿದೆಯೆಂದಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ, ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. 2020ರಲ್ಲಿ ಬಂದ ಪಿಎಂ ಸ್ವನಿಧಿ ಮೊದಲ ಕಂತಿಗೆ 10,000 ರೂಪಾಯಿ ಸಾಲ ಕೊಟ್ಟಿತು, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ. 7 ಸಹಾಯಧನ. ಒಂದು ಕಚೇರಿ ಬುಟ್ಟಿಗೆ ಬಂಡವಾಳ ಕೊಡುತ್ತದೆ, ಇನ್ನೊಂದು ಕಚೇರಿಯ ಲಾರಿ ಬುಟ್ಟಿಯನ್ನೇ ಒಯ್ಯುತ್ತದೆ. ಮೇಜಿನಂತೆ ಬುಟ್ಟಿಗೆ ಮುಂಚಿತವಾಗಿ ಫೋನು ಬರುವುದಿಲ್ಲ.

ಈಗ ಸಿದ್ಧಾಂತ. ಸಹಾಯಧನ ಎರಡು ಬಗೆ. ಅರ್ಜಿ ಬೇಡುವುದು ಒಂದು, ಅರ್ಜಿ ಬೇಡದ್ದು ಇನ್ನೊಂದು. ಮೊದಲನೆಯದಕ್ಕೆ ಆಧಾರ್, ಯೋಜನಾ ವರದಿ, ತರಬೇತಿಯ ಪ್ರಮಾಣಪತ್ರ, ಬ್ಯಾಂಕ್ ಮ್ಯಾನೇಜರರ ಮನಸ್ಸು ಎಲ್ಲ ಬೇಕು, ಬಂದ ಮೇಲೂ ಅದನ್ನು ಮುಟ್ಟುವಂತಿಲ್ಲ. ಎರಡನೆಯದು ಅಂಗಡಿಯ ಶಟರ್ ಎತ್ತಿದ ಕ್ಷಣದಿಂದ ಸಿಗುತ್ತದೆ, ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ, ಪಡೆದವರಿಗೂ ತಾವು ಪಡೆದಿದ್ದೇವೆಂದು ಅನಿಸುವುದಿಲ್ಲ. ಮಾಲೀಕರು ಸುಳ್ಳು ಹೇಳಿಲ್ಲ. ನಯಾಪೈಸೆ ಬಂದಿಲ್ಲ, ಬಂದದ್ದು ಫುಟ್‌ಪಾತು.

ಹೋಟೆಲ್ ಮುಚ್ಚಿಸಿ ಎಂದು ಈ ಲೇಖಕ ಹೇಳುತ್ತಿಲ್ಲ. ಕಾಫಿ ನಿಜಕ್ಕೂ ಚೆನ್ನಾಗಿದೆ, ಡಿಕಾಕ್ಷನ್ನಿನಲ್ಲಿ ಮೋಸವಿಲ್ಲ. ಬೆಂಗಳೂರಿನ ಪಾಲಿಕೆ 2025ರ ಸೆಪ್ಟೆಂಬರಿನಲ್ಲಿ ಒಂದಿದ್ದದ್ದು ಐದಾಗಿದೆ, ಐದರಲ್ಲಿ ಯಾವುದಾದರೂ ಒಂದು ಈ ಪ್ರಬಂಧವನ್ನು ಓದಲಿ ಎಂಬುದಷ್ಟೇ ಆಸೆ. ಓದಿದವರಲ್ಲಿ ಎರಡು ಕೋರಿಕೆ. ಹೋಟೆಲಿನವರು ಬಳಸುವಷ್ಟು ಫುಟ್‌ಪಾತನ್ನು ಟೇಪು ಹಿಡಿದು ಅಳೆದು, ತಿಂಗಳಿಗಿಷ್ಟು ಎಂದು ಬಾಡಿಗೆ ಹಾಕಿ, ರಸೀದಿ ಕೊಡಿ. ನಡೆಯುವವರಿಗೆ ಬೇಕಾದಷ್ಟನ್ನು ಮಾತ್ರ ಯಾವ ಬಾಡಿಗೆಗೂ ಕೊಡಬೇಡಿ. ಜಂಕ್ಷನ್ ಬಾಕ್ಸಿನ ಪಕ್ಕದಲ್ಲಿ ಬುಟ್ಟಿಗೆಂದು ಮೂರಡಿ ಜಾಗ ಗುರುತಿಸಿ, ಹಳದಿ ಬಣ್ಣದಲ್ಲಿ ಗೆರೆ ಎಳೆಸಿಕೊಡಿ. ಮೂರಡಿ ಎಂದೊಡನೆ ಬಲಿ ಚಕ್ರವರ್ತಿಯ ನೆನಪಾಗಿ ಹೆದರಬೇಕಾಗಿಲ್ಲ. ಆಕೆ ಎಷ್ಟೋ ವರ್ಷ ಅಷ್ಟೇ ಜಾಗದಲ್ಲಿ ಕೂತಿದ್ದವಳು.