ಬಸ್ಕಿ ಹೊಡೀರಿ, ರಾಯರೇ

ಏನ್ರೀ ರಾಯರೇ, ಕಾಲಿಗೆ ಹೊಸ ಶೂಸು, ಕೈಗೆ ಹೆಜ್ಜೆ ಎಣಿಸೋ ವಾಚು! ಶುಗರ್ ಬಾರ್ಡರಿಗೆ ಬಂದಿದೆಯಂತೆ. ನಿಮ್ಮ ಮನೆಯವರು ಹೇಳಿದ್ದು ನಮ್ಮ ಅಡುಗೆಮನೆಗೂ ಕೇಳಿಸ್ತು ಬಿಡಿ.

ಹತ್ತು ಸಾವಿರ ಹೆಜ್ಜೆಯೋ? ಹಾಕಿ, ಯಾರು ಬೇಡ ಅಂದ್ರು. ಆದ್ರೆ ಅದು ಯಾವ ವೈದ್ಯರೂ ಬರೆದುಕೊಟ್ಟ ಲೆಕ್ಕ ಅಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮಾರನೇ ವರ್ಷ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸೋ ಮೀಟರು ಮಾರೋಕೆ ಹಿಡಿದ ದುಂಡು ಸಂಖ್ಯೆ. ಇನ್ನು ನಮ್ಮ ಲಾಲ್‌ಬಾಗಿನ ವಾಕಿಂಗ್: ಬಂಡೆ ಹತ್ತಿರ ರಾಜಕೀಯ, ಕೆರೆ ಹತ್ತಿರ ಸೈಟಿನ ರೇಟು, ಗೇಟಿನಾಚೆ ಮಸಾಲೆದೋಸೆ.

ಬರೀ ನಡೆದ್ರೆ ಸಾಲದು. ನಲವತ್ತು ದಾಟಿದ ಮೇಲೆ ಸದ್ದಿಲ್ಲದೆ ಕರಗೋದು ಮಾಂಸಖಂಡ, ರಾಯರೇ. ತೂಕದ ಮಿಷನ್ನು ಹೇಳೋದೇ ಇಲ್ಲ, ಆ ಜಾಗದಲ್ಲಿ ಕೊಬ್ಬು ಕೂತು ಲೆಕ್ಕ ಸರಿದೂಗಿಸಿರುತ್ತೆ. ಉಂಡ ಅನ್ನದ ಸಕ್ಕರೆಗೆ ದೊಡ್ಡ ಉಗ್ರಾಣ ಅಂದ್ರೆ ಆ ಖಂಡಾನೇ. ತೊಡೆ ಸೊರಗಿದ್ರೆ ಸಕ್ಕರೆ ಹೋಗೋದಾದ್ರೂ ಎಲ್ಲಿಗೆ? ರಕ್ತದಲ್ಲೇ ಅಲೀತಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೀರಿ ಅನ್ನುತ್ತೆ. ಜೊತೆಗೇ ವಾರಕ್ಕೆ ಕನಿಷ್ಠ 2 ದಿನ ಖಂಡಕ್ಕೆ ಕೆಲಸ ಕೊಡಿ ಅಂತಲೂ ಅನ್ನುತ್ತೆ. ಎರಡನೇ ವಾಕ್ಯ ಮಾತ್ರ ಯಾರ ಕಣ್ಣಿಗೂ ಬೀಳಲ್ಲ!

ಹೋದ ಮದುವೇಲಿ ನೆಲದ ಪಂಕ್ತಿ ಇತ್ತಲ್ಲ, ಕೂತವರು ಏಳೋವಾಗ ನೋಡಿದ್ರಾ? ಒಬ್ಬರು ಪಕ್ಕದವರ ಭುಜ ಹಿಡೀತಾರೆ, ಇನ್ನೊಬ್ಬರು ಎಲೆ ಮೇಲೇ ಕೈ ಊರ್ತಾರೆ. ಬ್ರೆಜಿಲ್‌ನ ಕ್ಲೌಡಿಯೋ ಅರೌಜೊ ಅನ್ನೋ ವೈದ್ಯರು ಇದನ್ನೇ ಪರೀಕ್ಷೆ ಮಾಡಿಟ್ಟಿದ್ದಾರೆ. ಕೂರೋಕೆ 5 ಅಂಕ, ಏಳೋಕೆ 5. ಕೈಯೋ ಮಂಡಿಯೋ ಊರಿದ್ರೆ ಒಂದೊಂದು ಕಡಿತ. 51ರಿಂದ 80 ವಯಸ್ಸಿನವರನ್ನ ವರ್ಷಗಟ್ಟಲೆ ಗಮನಿಸಿ, ಅಂಕ ಕಮ್ಮಿ ಬಂದವರಲ್ಲೇ ಸಾವು ಹೆಚ್ಚು ಅಂತ 2012ರಲ್ಲಿ ಬರೆದ್ರು.

ಖಂಡಕ್ಕೆ ಕೆಲಸ ಕೊಡೋಕೆ ಜಿಮ್ಮಿಗೆ ಸಾವಿರಾರು ರೂಪಾಯಿ ಕಟ್ಟಬೇಕಾ? ಗರಡಿಮನೆ ಪೈಲ್ವಾನರ ಬೈಠಕ್ಕು, ನಮ್ಮ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸ್ತಿದ್ದ ಬಸ್ಕಿ ಸಾಲದಾ? ಮಂಡಿ ಕಿರಿಕಿರಿ ಇದ್ರೆ ಡಾಕ್ಟರನ್ನ ಕೇಳಿ, ಕುರ್ಚಿಯಿಂದ ಕೈ ಊರದೆ ಏಳೋದು-ಕೂರೋದು ಶುರು ಮಾಡಿ. ಊಟಾನೂ ಅಷ್ಟೇ. ಅನ್ನ ಬಿಟ್ಟು ರಾಗಿ ಹಿಡಿದೆ ಅಂತ ಎರಡೆರಡು ಮುದ್ದೆ ನುಂಗಬೇಡಿ, ಅದೂ ಪಿಷ್ಟವೇ. ಖಂಡಕ್ಕೆ ಬೇಕಾದ್ದು ಸಿಗಲಿ ಅಂತ ಬಸ್ಸಾರು ಮಾಡಿದ ದಿನ ಕಾಳುಪಲ್ಯ ಕೈತುಂಬ ಬಡಿಸ್ಕೊಳ್ಳಿ.

ಈಗಲೇ ಒಂದು ಬಸ್ಕಿ ನೋಡೇಬಿಡೋಣ. ಕಾಂಪೌಂಡು ಹಿಡ್ಕೊಂಡ್ರೂ ಪರವಾಗಿಲ್ಲ. ಅಯ್ಯೋ ಅಲ್ಲಲ್ಲ, ಈ ಕಡೆ ಹಿಡೀರಿ, ಆ ಇಟ್ಟಿಗೆ ಅಲ್ಲಾಡುತ್ತೆ!