ಓಡಿಸುವ ಭಾವ

ಸಿಂಗಪುರದಲ್ಲಿ ನೆಂಟರಿರುವವರಿಗೆ ಒಂದು ಕಿವಿಮಾತು. ಟಿಕೆಟ್ ಮಾಡಿಸುವ ಮೊದಲು ಆ ಮನೆಯ ಚಪ್ಪಲಿ ಸ್ಟ್ಯಾಂಡಿನ ಫೋಟೊ ತರಿಸಿಕೊಳ್ಳಿ. ಅದರಲ್ಲಿ ಚಪ್ಪಲಿಗಿಂತ ಬಣ್ಣಬಣ್ಣದ ಓಟದ ಬೂಟುಗಳೇ ಹೆಚ್ಚಿದ್ದು, ಒಂದು ಜೊತೆಯ ತಳಕ್ಕೆ ಹಸಿಮಣ್ಣು ಮೆತ್ತಿದ್ದರೆ ಹೋಟೆಲಿನಲ್ಲಿ ರೂಮು ಹಿಡಿಯಿರಿ. ದುಬಾರಿಯೇನೋ ಹೌದು. ಆದರೆ ಅಲ್ಲಿ ಯಾರೂ ಬೆಳಗಿನ ಐದೂವರೆಗೆ ಬಾಗಿಲು ತಟ್ಟಿ, "ಏಳಯ್ಯ, ಒಂದು ಒಳ್ಳೇ ರೂಟು ತೋರಿಸ್ತೀನಿ" ಅನ್ನುವುದಿಲ್ಲ.

ಹಾಗೆ ಅನ್ನುವವರು ನಮ್ಮ ಭಾವ. ಅವರೊಬ್ಬರೇ ಎಂದು ತಿಳಿಯಬೇಡಿ. ನಲವತ್ತೈದು ದಾಟಿದ, ಬ್ಯಾಂಕಿನಲ್ಲೋ ಸಾಫ್ಟ್‌ವೇರಿನಲ್ಲೋ ದುಡಿಯುವ, ಡಾಕ್ಟರು ಒಮ್ಮೆ ಸಕ್ಕರೆಯ ಮಾತೆತ್ತಿದ್ದೇ ತಡ ಬೂಟು ಕೊಂಡ ನಮ್ಮವರ ಒಂದು ಪಂಗಡವೇ ಅಲ್ಲಿದೆ. ಆ ದ್ವೀಪವೂ ಅವರಿಗೆ ಕುಮ್ಮಕ್ಕು ಕೊಡುತ್ತದೆ. ಪಾರ್ಕಿನಿಂದ ಪಾರ್ಕಿಗೆ ಕೊಂಡಿ ಹಾಕುವ ದಾರಿಗಳೇ 300 ಕಿಲೋಮೀಟರಿಗೂ ಹೆಚ್ಚಿವೆ. ಗುಂಡಿಯಿಲ್ಲ, ಅಡ್ಡ ನಿಲ್ಲಿಸಿದ ಸ್ಕೂಟರಿಲ್ಲ, ಅಟ್ಟಿಸಿಕೊಂಡು ಬರುವ ಬೀದಿನಾಯಿಯಿಲ್ಲ. ಓಡದಿರಲು ಮನುಷ್ಯನಿಗೆ ಒಂದಾದರೂ ನೆಪ ಬೇಡವೇ?

ಕತ್ತಲೆ ಒಂದು ನೆಪವಾಗಬಹುದಿತ್ತು. ಸಮಭಾಜಕ ವೃತ್ತ ಪಕ್ಕದಲ್ಲೇ ಇರುವುದರಿಂದ ಅಲ್ಲಿ ವರ್ಷವಿಡೀ ಸೂರ್ಯ ಏಳುವುದು ಏಳು ಗಂಟೆಯ ಆಸುಪಾಸು. ಅದೂ 1982ರಲ್ಲಿ ಮಲೇಷ್ಯಾದ ಜೊತೆ ಸಮ ಮಾಡಿಕೊಳ್ಳಲು ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿದ್ದರ ಫಲ. ಹಾಗಾಗಿ ಐದೂವರೆ ಅಂದರೆ ಅಪ್ಪಟ ರಾತ್ರಿ. "ಅದಕ್ಕೇ ಕಣೋ ಈಗ ಹೊರಡೋದು, ಬಿಸಿಲಿರಲ್ಲ" ಎನ್ನುತ್ತಾರೆ ಭಾವ. ಬಿಸಿಲಿರುವುದಿಲ್ಲ, ನಿಜ. ಸೆಕೆ ಇರುತ್ತದೆ. ಗಾಳಿಯಲ್ಲೇ ಅಷ್ಟು ನೀರಿರುವಾಗ ಮೈಯ ಬೆವರು ಆರುವುದೆಲ್ಲಿಗೆ? ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಲಿಫ್ಟಿನಿಂದ ಇಳಿದು ಗೇಟು ದಾಟುವಷ್ಟರಲ್ಲಿ ನಾನು ಪೂರ್ತಿ ಒದ್ದೆ. ಭಾವ ಇನ್ನೂ ವಾಚಿಗೆ ಉಪಗ್ರಹ ಸಿಗಲೆಂದು ಕೈ ಎತ್ತಿ ನಿಂತಿರುತ್ತಾರೆ.

ಆ ವಾಚಿನದೇ ಒಂದು ಸಂಸಾರ. ಮನೆ ಮುಟ್ಟುವಾಗ ಅದು 9.7 ತೋರಿಸಿದರೆ ಭಾವ ಲಿಫ್ಟು ಹತ್ತುವವರಲ್ಲ. ಹತ್ತು ತುಂಬುವವರೆಗೆ ಕೆಳಗಿನ ಕಾರು ನಿಲ್ಲಿಸುವ ಜಾಗವನ್ನು ಸುತ್ತುತ್ತಾರೆ. ಅಲ್ಲೇ ಕೈ ಬೀಸುತ್ತಾ ವ್ಯಾಯಾಮ ಮಾಡುವ ಚೀನೀ ಅಜ್ಜಿಯರು ಈಗ ತಿರುಗಿಯೂ ನೋಡುವುದಿಲ್ಲ. ಕೆಳಗೆ ಸುತ್ತು ಶುರುವಾಯಿತೆಂದರೆ ಮೇಲೆ ಅಕ್ಕ ದೋಸೆಗೆ ಕಾವಲಿ ಇಡುತ್ತಾಳೆ. ಆ ಮನೆಯಲ್ಲಿ ವಾಚಿನಿಂದ ಆದ ಉಪಯೋಗ ಅದೊಂದೇ.

ನೋಟದ ವಿಷಯಕ್ಕೆ ಬಂದರೆ, ಭಾವನ ರೂಟುಗಳಿಗೆಲ್ಲ 'ಸೀನಿಕ್' ಎಂಬ ಬಿರುದು ಇದ್ದೇ ಇದೆ, ಸೀನನ್ನು ನೋಡಲು ಬಿಟ್ಟರೆ ತಾನೆ! ಹೆಂಡರ್ಸನ್ ವೇವ್ಸ್ ಎಂಬ ಅಲೆಯಾಕಾರದ, ಮರದ ಹಾಸಿನ ಸೇತುವೆ ರಸ್ತೆಯಿಂದ 36 ಮೀಟರ್ ಎತ್ತರದಲ್ಲಿದೆ, 274 ಮೀಟರ್ ಉದ್ದವಿದೆ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಸೇತುವೆಯೇ ಮುಗಿದಿತ್ತು. ಬುಕಿಟ್ ತಿಮಾ ಆ ದೇಶದ ಅತಿ ಎತ್ತರದ ಬೆಟ್ಟ, ಸುಮಾರು 164 ಮೀಟರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣವೂ ಇದಕ್ಕಿಂತ ಎತ್ತರ ಎಂದು ಕೆಳಗೆ ನಿಂತು ಜಂಭ ಕೊಚ್ಚಿದ್ದೆ. ಮೇಲೆ ಹೋದಾಗ ಜಂಭಕ್ಕೂ ಉಸಿರಿರಲಿಲ್ಲ.

ಇವನ್ನೆಲ್ಲ ಕ್ಷಮಿಸಬಹುದು. ಕ್ಷಮಿಸಲಾಗದ್ದು ಅವರ 'ಮಾತಿನ ವೇಗ'. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ಓಡಬೇಕು, ಅದೇ ಸರಿಯಾದ ವೇಗ ಎಂಬುದು ಓಟಗಾರರ ಒಂದು ನಿಯಮ. ಒಳ್ಳೆಯ ನಿಯಮವೇ. ಆದರೆ ಭಾವ ಅಳೆಯುವುದು ತಮ್ಮ ಮಾತನ್ನು, ನನ್ನದನ್ನಲ್ಲ.

ಆ ಶನಿವಾರ ಮ್ಯಾಕ್‌ರಿಚಿ ಜಲಾಶಯಕ್ಕೆ ಕರೆದೊಯ್ದರು. 1868ರಲ್ಲಿ ಕಟ್ಟಿದ್ದು, ಆ ಊರಿನ ಅತ್ಯಂತ ಹಳೆಯ ಜಲಾಶಯ. ಸುತ್ತ ದಟ್ಟ ಕಾಡು, ಕಾಡೊಳಗೆ ಸುಮಾರು 11 ಕಿಲೋಮೀಟರಿನ ಒಂದು ಸುತ್ತು. ಹೊಸದಾಗಿ ಬಂದವನೆಂದು ನಡುನಡುವೆ ನಡೆಯುವ ರಿಯಾಯಿತಿ ಕೊಟ್ಟಿದ್ದರು. ಮೊದಲ ಏರಿನಲ್ಲೇ ಅವರು ಅರಸೀಕೆರೆಯ ತೋಟದ ಪಾಲಿನ ವಿಷಯ ತೆಗೆದರು. ಅಣ್ಣತಮ್ಮಂದಿರು ಪಾಲಾದಾಗ ಬಾವಿ ಯಾರಿಗೆ ಸೇರಬೇಕಿತ್ತು, ಯಾರಿಗೆ ಸೇರಿತು, ಆಗ ದೊಡ್ಡಣ್ಣ ಏನೆಂದ, ಇವರು ಏನೆನ್ನಬೇಕೆಂದಿದ್ದು ಅನ್ನದೆ ಬಿಟ್ಟರು.

"ನೀನೇ ಹೇಳು, ಬಾವಿ ತೆಗೆಸಲು ದುಡ್ಡು ಕಳಿಸಿದವನು ನಾನು. ನಂಗೊಂದು ಮಾತು ಕೇಳಬೇಕಿತ್ತೋ ಬೇಡವೋ?"

"ಹ್ಹಾ," ಅಂದೆ. ಅದು ಉಸಿರು.

"ಅದೇ ನಾನೂ ಹೇಳೋದು!"

ಮರದ ಬೇರುಗಳು ದಾರಿಯ ತುಂಬ ಹಬ್ಬಿದ್ದವು. ಒಂದು ಉಡ ಪೊದೆಯಿಂದ ಹೊರಟು ಯಾವ ಅವಸರವೂ ಇಲ್ಲದೆ ದಾರಿ ದಾಟಿತು. ಅದನ್ನು ನೋಡುವ ನೆಪದಲ್ಲಿ ನಿಂತೆ. ಉದ್ದಬಾಲದ ಕೋತಿಗಳು ಬೇಲಿಯ ಮೇಲೆ ಕೂತು ನನ್ನನ್ನು ನೋಡಿದವು. ಪಕ್ಕದಲ್ಲಿ ಭಾವ ಎರಡನೇ ಅಣ್ಣನ ಹೆಂಡತಿಯ ತವರಿನವರೆಗೆ ಬಂದಿದ್ದರು. ನಾನು ಹ್ಹಾ, ಹೂಂ, ಅಯ್ಯೋ ಎನ್ನುತ್ತಿದ್ದೆ. ಪ್ರತಿಯೊಂದೂ ನನ್ನ ಶ್ವಾಸಕೋಶದ ಮಾತು. ಅವರು ಪ್ರತಿಯೊಂದನ್ನೂ ಸಾಕ್ಷಿಯಾಗಿ ಬರೆದುಕೊಂಡರು.

ಕೊನೆಗೆ ಟ್ರೀಟಾಪ್ ವಾಕ್ ಬಂತು. ಎರಡು ಗುಡ್ಡಗಳ ನಡುವೆ ಮರಗಳ ತಲೆಯ ಮೇಲೆ ಹಾದುಹೋಗುವ 250 ಮೀಟರಿನ ತೂಗುಸೇತುವೆ, 2004ರಲ್ಲಿ ತೆರೆದದ್ದು. ಇಲ್ಲಿಂದ ಹಿಂದಿರುಗೋಣ ಎಂದು ಕೈಸನ್ನೆ ಮಾಡಿದೆ. ಆ ಸೇತುವೆ ಏಕಮುಖ ಸಂಚಾರದ್ದಂತೆ! ಒಮ್ಮೆ ಕಾಲಿಟ್ಟರೆ ಮುಂದೆ ಹೋಗಿಯೇ ತೀರಬೇಕು. ಸಾಲಾಗಿ ಒಬ್ಬರ ಹಿಂದೊಬ್ಬರು ನಡೆಯುವಷ್ಟು ಅಗಲ. ಮುಂದೆ ನಾನು, ಹಿಂದೆ ಭಾವ. ಕೆಳಗೆ ಕಣ್ಣು ಹಾಯುವವರೆಗೆ ಹಸಿರು, ದೂರದಲ್ಲಿ ನೀರಿನ ಹೊಳಪು. "ನೋಡಿದೆಯಾ, ಎಂಥ ಸೀನು," ಅಂದರು. ನೋಡಲು ತಿರುಗಿದೆ. "ಸರಿ, ಆ ಬಾವಿ ವಿಷಯಕ್ಕೆ ಬರೋಣ," ಅಂದರು.

ನಾನು ಬೆಂಗಳೂರಿಗೆ ಮರಳಿದ ಮೇಲೆ ಅವರ ದೊಡ್ಡಣ್ಣನ ಫೋನು ಬಂತು. ಭಾವ ಅವರಿಗೆ, "ನನ್ನ ಭಾವಮೈದುನನೂ ಬಾವಿ ನಂಗೇ ಸೇರಬೇಕು ಅಂದ" ಎಂದು ಹೇಳಿದ್ದರಂತೆ. ಹೆಣ್ಣು ಕೊಟ್ಟ ಮನೆಯವರು ಗಂಡಿನ ಮನೆಯ ಆಸ್ತಿಯಲ್ಲಿ ತಲೆ ಹಾಕುವುದು ಶೋಭೆಯಲ್ಲ ಎಂದು ಅವರು ಬಹಳ ಹೊತ್ತು ಮಾತಾಡಿದರು. ಈ ಸಲ ಏದುಸಿರಿಲ್ಲದಿದ್ದರೂ ನನಗೆ ಉತ್ತರ ಹೊಳೆಯಲಿಲ್ಲ.

ಇಷ್ಟಾದರೂ ಅವರ ಒಂದು ರೂಟನ್ನು ಬೈಯಲಾರೆ. ಹಿಂದೆ ಮಲೇಷ್ಯಾದ ರೈಲು ದ್ವೀಪವನ್ನು ಹಾದು ದಕ್ಷಿಣದ ತಂಜೊಂಗ್ ಪಗಾರ್‌ವರೆಗೆ ಬರುತ್ತಿತ್ತು. 2011ರ ಜೂನ್ 30ಕ್ಕೆ ಅದು ನಿಂತಿತು. ಹಳಿಗಳನ್ನು ಬಹುಪಾಲು ಕಿತ್ತರು. ಅದೇ ಈಗ 24 ಕಿಲೋಮೀಟರಿನ ರೈಲ್ ಕಾರಿಡಾರ್. ಎರಡೂ ಬದಿ ಮರ, ನಡುವೆ ಓಡುವವರು. ಬುಕಿಟ್ ತಿಮಾದ ಹಳೆಯ ಸ್ಟೇಷನ್ನಿನ ಬಳಿ ಭಾವ ತಾವಾಗಿಯೇ ನಿಂತರು. ವಾಚನ್ನೂ ನಿಲ್ಲಿಸಲಿಲ್ಲ, ಅದು ಸುಮ್ಮನೆ ಓಡುತ್ತಲೇ ಇತ್ತು.

"ನಾವು ಬಂದ ಹೊಸದರಲ್ಲಿ ರೈಲಿತ್ತು ಕಣೋ. ಇಲ್ಲಿಯ ಮಿಕ್ಕ ದಾರಿ ಎಲ್ಲಾ ಹೊರಟ ಕಡೆಗೇ ಬಂದು ಸೇರುತ್ವೆ. ಇದೊಂದು ಮಾತ್ರ ಊರು ಬಿಟ್ಟು ಎಲ್ಲಿಗೋ ಹೋಗ್ತಿತ್ತು."

ಅರಸೀಕೆರೆ ಜಂಕ್ಷನ್ನಿನ ಗದ್ದಲದಲ್ಲಿ ಬೆಳೆದವರು ಅವರು. ನಮ್ಮ ಕಡೆ ನೆಂಟರು ಬಂದರೆ ಊಟವಾದ ಮೇಲೆ ತೋಟ ತೋರಿಸಲು ಕರೆದೊಯ್ಯುತ್ತಾರಲ್ಲ, ಇದು ಅಣ್ಣನ ಗೆರೆ, ಇದು ನಾನು ಹಾಕಿದ ತೆಂಗು ಎಂದು, ಹಾಗೆಯೇ ಭಾವ ನಮಗೆ ದ್ವೀಪ ತೋರಿಸುತ್ತಾರೆ. ಪರದೇಶದಲ್ಲಿ ಒಂದಿಷ್ಟು ನೆಲವನ್ನು ನನ್ನದು ಎನ್ನಲು ಅವರಿಗಿರುವ ದಾರಿ, ಅದರ ಮೇಲೆ ಬೆವರು ಹರಿಸುವುದು. ಅವರ ಓಟದ ಗೆಳೆಯರು ಹಲವು ದೇಶದವರು, ಒಳ್ಳೆಯವರೇ. ಆದರೆ ಅವರೊಡನೆ ಇಂಗ್ಲಿಷಿನಲ್ಲಿ ಬೂಟಿನ ಬಗ್ಗೆ ಆಡಬಹುದು, ಬಾವಿಯ ಬಗ್ಗೆ ಆಡಲಾಗುವುದಿಲ್ಲ. ಊರಿನಿಂದ ಬಂದವರ ಬಳಿ ಮನುಷ್ಯ ಮೊದಲು ಕೇಳುವುದು ಕಿವಿಯನ್ನು. ನಾವೋ ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೇವೆ.

ಹೀಗೆ ಉದಾರವಾಗಿ ಯೋಚಿಸುತ್ತಿದ್ದವನಿಗೆ ಮೊಣಕಾಲು ನೆನಪು ಮಾಡಿತು. ಅಕ್ಕನನ್ನು ಫೋನಿನಲ್ಲಿ ಕೇಳಿಯೇಬಿಟ್ಟೆ: ಭಾವನಿಗೆ ಬೇಕಾದದ್ದು ಕಿವಿ ತಾನೇ? ಕೂತಲ್ಲಿಂದಲೇ ಒಂದು ಫೋನು ಮಾಡಿ ಬಾವಿಯ ಕತೆ ಹೇಳಬಹುದಲ್ಲ, ಅದಕ್ಕೆ ನನ್ನ ಕಾಲು ಯಾಕೆ?

"ಫೋನಿನಲ್ಲಿ ನೀವೆಲ್ಲ 'ಆಮೇಲೆ ಮಾಡ್ತೀನಿ ಭಾವ' ಅಂತ ಇಟ್ಟುಬಿಡ್ತೀರಲ್ಲೋ," ಅಂದಳು ಅಕ್ಕ. "ಕಾಡಿನ ಮಧ್ಯೆ, ಆ ಸೇತುವೆ ಮೇಲೆ, ಎಲ್ಲಿಗೆ ಹೋಗ್ತೀರಿ?"