ಕೋಡಿಲ್ಲದ ನಂದಿ

ಪುಸ್ತಕಕ್ಕೆ ಕುಂಕುಮ ಹಚ್ಚಿದ್ದು ನಮ್ಮವ್ವ. ಅಮೀಶ್ ತ್ರಿಪಾಠಿಯವರ ಶಿವ ಸರಣಿಯ ಮೊದಲ ಕಾದಂಬರಿ ಅದು, ಮರಾಠಿ ಅನುವಾದ. ಮುಖಪುಟದಲ್ಲಿ ಬೆನ್ನು ತೋರಿಸಿ ನಿಂತ ಶಿವನನ್ನು ಕಂಡದ್ದೇ ತಡ, ನನ್ನ ತಲೆದಿಂಬಿನ ಬಗಲಿಂದ ಎತ್ತಿ ದೇವರ ಜಗಲಿಯ ಮೇಲಿಟ್ಟುಬಿಟ್ಟಳು. ಇನ್ನು ಓದಬೇಕಾದರೆ ಜಳಕ ಮಾಡಿ ಬರಬೇಕು! 2016ರಲ್ಲಿ ಮಿರಜಿನಿಂದ ರೈಲಿನಲ್ಲಿ ನೀರು ತರಿಸಿಕೊಂಡ ಲಾತೂರೇ ನಮ್ಮ ಜಿಲ್ಲಾಕೇಂದ್ರ. ಇಂಥ ಸೀಮೆಯಲ್ಲಿ ಅಧ್ಯಾಯಕ್ಕೊಂದು ಜಳಕವೆಂದರೆ ಎಂಥ ಸಾಹಿತ್ಯಪ್ರೇಮವೂ ಬತ್ತಬೇಕು. ಮುಂದಿನ ಎರಡು ಭಾಗಗಳಿಗೆ ಹಳೆಯ ಪೇಪರಿನ ಹೊದಿಕೆ ಹಾಕಿದೆ. ಮೇಲೆ ಸೋಯಾಬೀನ್ ಬೀಜದ ಜಾಹೀರಾತಿತ್ತು. ಅದಕ್ಕೆ ಯಾರೂ ಕೈಮುಗಿಯಲಿಲ್ಲ.

ಮಹಾರಾಷ್ಟ್ರದ ನಮ್ಮೂರು ದೇವಣಿಯಲ್ಲಿ ಕನ್ನಡ ಮನೆಮಾತಿನ ನಮ್ಮಂಥವರ ಪಾಡು ಇದು: ಸಾಲಿ ಮರಾಠಿ, ಕಚೇರಿ ಮರಾಠಿ, ಜಗಳ ಮಾತ್ರ ಕನ್ನಡ. ಹಾಗಾಗಿ ಮರಾಠಿಯಲ್ಲಿ ಓದುತ್ತ ಮುತ್ಯಾನಿಗೆ ಕನ್ನಡದಲ್ಲಿ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಳಗೊಳಗೆ ಅಂಜಿಕೆಯೂ ಇತ್ತು. 2010ರಲ್ಲಿ ಇಂಗ್ಲಿಷಿನಲ್ಲಿ ಶುರುವಾಗಿ 2013ಕ್ಕೆ ಮುಗಿದ ಈ ಮೂರು ಭಾಗದ ಕಥೆಯಲ್ಲಿ ಶಿವ ಟಿಬೆಟ್ಟಿನ ಒಂದು ಬುಡಕಟ್ಟಿನ ಮುಖಂಡ. ಚಿಲುಮೆ ಸೇದುತ್ತಾನೆ. ಮೆಲೂಹವೆಂಬ ನಾಡಿಗೆ ವಲಸೆ ಬಂದು ಸೋಮರಸ ಕುಡಿದು ಕೊರಳು ನೀಲಿಯಾದ ಮೇಲೆ ಜನ ಅವನನ್ನು ದೇವರ ಪಟ್ಟಕ್ಕೇರಿಸುತ್ತಾರೆ. ದಿನಾ ಲಿಂಗಪೂಜೆ ಮಾಡುವ ಮುದುಕನ ಮುಂದೆ ಇದನ್ನೆಲ್ಲ ಬಾಯಿಬಿಡುವುದು ಹೇಗೆ?

ಬಿಟ್ಟೆ. ಮುತ್ಯಾ ಎಲೆಗೆ ಸುಣ್ಣ ಸವರುತ್ತ, “ಥಂಡಿ ಮುಲುಕ ಅದು. ಚಿಲಮಿ ಸೇದಲಾರದ ಏನ್ ಮಾಡ್ತಾನ?” ಅಂದ. ಮೆಲೂಹದ ರಾಜಧಾನಿ ದೇವಗಿರಿ ಎಂದಾಗ ಮುಖ ಅರಳಿತು: “ನಮ್ಮ ದೌಲತಾಬಾದ!” ಇದು ಯಾದವರದಲ್ಲ, ಕಾದಂಬರಿಕಾರನದು ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ.

ಕುತ್ತು ಬಂದದ್ದು ನಂದಿಯಿಂದ. ಈ ಕಥೆಯಲ್ಲಿ ಅವನು ಮೆಲೂಹದ ಸೈನ್ಯದ ಕ್ಯಾಪ್ಟನ್, ದಢೂತಿ ಆಳು. ಮುತ್ಯಾನ ಎಲೆ ಕೈಯಲ್ಲೇ ಉಳಿಯಿತು.

“ಮನಷ್ಯಾನ?”

“ಹೂಂ.”

“ಕೋಡು?”

“ಇಲ್ಲ.”

“ಹಂಗಾದ್ರ ಶಿವಾ ಯಾರ ಮ್ಯಾಲ ಕುಂಡ್ರಬೇಕು?”

ಊರಿನ ಹೆಸರನ್ನೇ ಹೊತ್ತ ದನದ ತಳಿಯಿರುವ ಊರು ನಮ್ಮದು. ಮೈಯೆಲ್ಲ ಬೆಳ್ಳಗಿದ್ದರೆ ಬಾಲಂಕ್ಯಾ, ಮೋರೆಯ ಪಕ್ಕ ಕಪ್ಪಾದರೆ ವಾನೇರಾ, ಕರಿ ಮಚ್ಚೆ ಹರಡಿದ್ದರೆ ಶೇವರಾ ಎಂದು ಮುತ್ಯಾ ಕಣ್ಣಳತೆಯ ಆಚೆಯಿಂದಲೇ ಹೇಳಬಲ್ಲ. ಮೊಮ್ಮಕ್ಕಳ ಹೆಸರು ಮಾತ್ರ ಅದಲುಬದಲು. ಎತ್ತುಗಳ ಹಬ್ಬ ಪೋಳಾದ ದಿನ ಎತ್ತಿಗೆ ಹೋಳಿಗೆ ತಿನಿಸಿದ ಮೇಲೇ ನಮಗೆ ಊಟ. ಕೈಲಾಸದವನ ಬಗ್ಗೆ ಬರೆಯುವವರು ಏನು ಬೇಕಾದರೂ ಬರೆದುಕೊಳ್ಳಲಿ, ನಂದಿ ನಮ್ಮ ಗೋದಲಿಯಲ್ಲಿ ಮೇಯುವವನು. ಅವನನ್ನು ಮುಟ್ಟಿದರೆ ಮುತ್ಯಾ ಸುಮ್ಮನಿದ್ದಾನೆಯೇ?

ದೂರದೇಶದಲ್ಲೂ ಹೀಗೇ ಒಂದು ಪಶುವಿನಿಂದ ಪೇಚಾಟವಾಗಿದೆ. ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳಲ್ಲಿ ಆಸ್ಲಾನ್ ಎಂಬ ಸಿಂಹ ಸತ್ತು ಮತ್ತೆ ಎದ್ದುಬರುತ್ತದೆ, ಅದರೊಳಗಿರುವವನು ಕ್ರಿಸ್ತ. 1955ರಲ್ಲಿ ಅಮೆರಿಕದ ಒಬ್ಬ ತಾಯಿ ಅವರಿಗೆ ಕಾಗದ ಬರೆದಳು: ಒಂಬತ್ತು ವರ್ಷದ ಮಗನಿಗೆ, ತನಗೆ ಯೇಸುವಿಗಿಂತ ಸಿಂಹದ ಮೇಲೇ ಪ್ರೀತಿ ಹೆಚ್ಚಾಗಿದೆಯೆಂಬ ಕಳವಳ. ಸಿಂಹದ ಯಾವ ನಡೆನುಡಿಗೆ ಹುಡುಗ ಒಲಿದನೋ ಅದೆಲ್ಲ ಯೇಸುವಿನದೇ ಎಂದು ಲೂಯಿಸ್ ಸಮಾಧಾನದ ಉತ್ತರ ಬರೆದರು. ಮುತ್ಯಾನಿಗೆ ಸಮಾಧಾನ ಹೇಳಲು ಅಂಥ ಸಾಧುಗಳಿರಲಿಲ್ಲ, ನಾನಿದ್ದೆ.

ಭೀಮಕವಿಯ ಮೊರೆಹೊಕ್ಕೆ. ನಂದಿಯೇ ಬಸವಣ್ಣನಾಗಿ ಧರೆಗಿಳಿದ ಕಥೆಯನ್ನು ಆತ 1369ರಲ್ಲೇ ಬರೆದಿಟ್ಟಿದ್ದಾನೆ. ನನಗದನ್ನು ಹೇಳಿಕೊಟ್ಟವನು ಮುತ್ಯಾನೇ. “ಪುರಾಣದಾಗ ನಂದಿ ಮನಷ್ಯಾ ಆದ್ರ ನಡೀತದ, ಇಲ್ಲಿ ಯಾಕ ನಡಿಯಂಗಿಲ್ಲ?”

ಮುತ್ಯಾ ಎಲೆ ಬಾಯಿಗಿಟ್ಟ. “ಅಲ್ಲಿ ಶಿವಾನೇ ಹೇಳಿ ಕಳಿಸ್ಯಾನ. ಇಲ್ಲಿ ಯಾರು ಕಳಿಸ್ಯಾರ, ಬ್ಯಾಂಕಿನಾಂವಾ?” ಲೇಖಕರು ಮೊದಲು ಹಣಕಾಸು ಸಂಸ್ಥೆಗಳಲ್ಲಿ ನೌಕರಿಗಿದ್ದವರೆಂದು ಹೆಮ್ಮೆಯಿಂದ ಹೇಳಿದವನು ನಾನೇ.

ಕಡೆಗೆ ಒಪ್ಪಂದವಾಯಿತು. ಮುತ್ಯಾನ ಮುಂದೆ ಓದುವಾಗ ನಂದಿ ಎತ್ತೇ. ಕೆಲವು ದಿನ ಸುಸೂತ್ರವಾಗಿ ನಡೆಯಿತು. ಕ್ಯಾಪ್ಟನ್ ಮಾತಾಡಿದಲ್ಲೆಲ್ಲ ಎತ್ತು ತಲೆದೂಗಿತು ಅಂದೆ. ಆಮೇಲೆ ಯುದ್ಧ ಬಂತು ನೋಡಿ, ತಡವರಿಸಿದೆ.

“ಯಾಕ ನಿಂತಿ?”

“ಎತ್ತು ಕತ್ತಿ ಹಿಡದದ, ಮುತ್ಯಾ.”

ಕಣ್ಣುಮುಚ್ಚಿ ಒಂದು ಗಳಿಗೆ ಲೆಕ್ಕ ಹಾಕಿದ. “ಕೋಡಿನಾಗ ಸಿಗಿಸ್ಕೊಂಡಿರಬೇಕು. ಓದು, ಓದು.”